ಸವೆದ ಮೊಣಗಂಟಿಗೆ ವ್ಯಾಯಾಮ ಮಾಡಿಸಿದರೆ ಇನ್ನೂ ಸವೆಯುವುದಿಲ್ಲವಾ?

ನಿಮಗೆ 49 ವರ್ಷ, ಎರಡೂ ಮೊಣಗಂಟಿಗೆ ಆರ್ಥರೈಟಿಸ್ ಅಂದಿದ್ದಾರೆ. ಡಾಕ್ಟರು ವ್ಯಾಯಾಮ ಮಾಡಿ ಅಂತಾರೆ, ಮನೆಯವರು "ಸವೆದದ್ದನ್ನು ಇನ್ನೂ ಯಾಕೆ ಸವೆಸ್ತೀ, ಸುಮ್ನೆ ಕೂತ್ಕೋ" ಅಂತಾರೆ. ಯಾರ ಮಾತು ಕೇಳಬೇಕು ಅಂತ ನಿಮ್ಮ ಪ್ರಶ್ನೆ, ಅಲ್ವಾ? ಡಾಕ್ಟರದ್ದೇ ಕೇಳಿ. ನಾನು ಒಂದೂವರೆ ವರ್ಷ ಮನೆಯವರ ಮಾತು ಕೇಳಿ ಕೂತವಳು. ಅದಕ್ಕೇ ಹೇಳುತ್ತಿದ್ದೇನೆ.

ನಮ್ಮದು ಕಾಸರಗೋಡಿನ ಒಳಭಾಗ, ಪೆರ್ಲದ ಕಡೆ. ಮನೆ ಮೇಲೆ, ಅಡಿಕೆ ತೋಟ ಕೆಳಗೆ. ನಡುವೆ ಮುರಕಲ್ಲಿನ 34 ಮೆಟ್ಟಿಲು. ನೋವು ಶುರುವಾದದ್ದು ಆ ಮೆಟ್ಟಿಲು ಇಳಿಯುವಾಗ. ಹತ್ತುವಾಗ ಅಲ್ಲ, ಇಳಿಯುವಾಗ. ಆಮೇಲೆ ಒಂದು ರಾತ್ರಿ ಬಯಲಾಟ ನೋಡಲು ಹೋಗಿ ಮೂರು ಗಂಟೆ ಒಂದೇ ಕುರ್ಚಿಯಲ್ಲಿ ಕೂತಿದ್ದೆ. ಎದ್ದು ನಿಂತರೆ ಕಾಲು ನನ್ನದಲ್ಲ. ಹತ್ತು ಹೆಜ್ಜೆ ಹಾಕಿದ ಮೇಲೆ ಸರಿಯಾಯಿತು. ಸವೆತದ ಸಂಧಿವಾತದ (ಆರ್ಥರೈಟಿಸ್‌ನ) ಗುರುತೇ ಅದು ಅಂತ ಆಮೇಲೆ ಗೊತ್ತಾಯಿತು. ಕೂತರೆ ಹಿಡಿಯುತ್ತದೆ, ಸ್ವಲ್ಪ ನಡೆದರೆ ಬಿಡುತ್ತದೆ.

ಮೊದಲು ತೋರಿಸಿದ ಕಡೆ ಒಂದು ತಮಾಷೆ ಆಯಿತು. ನಾನು ಸುಳ್ಯ ಕಡೆಯಿಂದ ಮದುವೆಯಾಗಿ ಬಂದವಳು, ಮೂವತ್ತು ವರ್ಷ ಆದರೂ ನನ್ನ ಮಲಯಾಳ ಅಷ್ಟಕ್ಕಷ್ಟೇ. ಚೀಟಿ ಬರೆಯುವ ಹುಡುಗಿ "ಮುಟ್ಟುವೇದನ ಅಲ್ಲೇ?" ಅಂತ ಕೇಳಿದಳು. ನಾನು ಗಂಭೀರವಾಗಿ "ಮುಟ್ಟು ನಿಂತು ಮೂರು ವರ್ಷ ಆಯ್ತು ಮಗಾ" ಅಂದೆ. ಮಲಯಾಳದಲ್ಲಿ ಮುಟ್ಟು ಅಂದರೆ ಮೊಣಗಂಟು! ಹಿಂದೆ ನಿಂತಿದ್ದ ನಮ್ಮ ಯಜಮಾನರು ಈಗಲೂ ಅದನ್ನು ಬಂದವರಿಗೆಲ್ಲ ಹೇಳುತ್ತಾರೆ.

ಈಗ ಸವೆತದ ವಿಷಯ. ನಮ್ಮ ತಲೆಯಲ್ಲಿ ಮೊಣಗಂಟು ಅಂದರೆ ಬಾಗಿಲಿನ ತಿರುಗಣೆ ಇದ್ದ ಹಾಗೆ, ಜಾಸ್ತಿ ತೆಗೆದು ಹಾಕಿದರೆ ಸವೆಯುತ್ತದೆ. ಹಾಗಲ್ಲ ಮಾರಾಯ್ರೇ. ಎಲುಬಿನ ತುದಿಯಲ್ಲಿರುವ ಮೆದು ಎಲುಬಿಗೆ ರಕ್ತನಾಳವೇ ಇಲ್ಲ. ಗಂಟಿನೊಳಗೆ ಒಂದು ದ್ರವ ಉಂಟು, ಅದರಿಂದಲೇ ಅದಕ್ಕೆ ಊಟ. ಕಾಲು ಊರಿದಾಗ ಸ್ಪಂಜು ಹಿಂಡಿದ ಹಾಗೆ ದ್ರವ ಹೊರಗೆ, ಬಿಟ್ಟಾಗ ಒಳಗೆ. ಆಡಿಸದೆ ಇಟ್ಟರೆ ಆ ಊಟ ಕಡಿಮೆಯಾಗುತ್ತದೆ. ಇದಕ್ಕಿಂತ ದೊಡ್ಡ ವಿಷಯ ತೊಡೆಯ ಸ್ನಾಯು. ಮೊಣಗಂಟಿಗೆ ಬೀಳುವ ಪೆಟ್ಟನ್ನು ತಡೆದುಕೊಳ್ಳುವುದರಲ್ಲಿ ಅದರದ್ದು ದೊಡ್ಡ ಪಾಲು. ನೋವು ಅಂತ ಕೂತರೆ ಮೊದಲು ಸೊರಗುವುದೂ ಅದೇ. ಆಗ ನೋವು ಜಾಸ್ತಿ, ನೋವಿಗೆ ಹೆದರಿ ಇನ್ನೂ ಜಾಸ್ತಿ ಕೂರುವುದು.

ನನಗೆ ಇದು ತಲೆಗೆ ಹೋದದ್ದು ಮಂಗಳೂರಿನ ಫಿಸಿಯೋಥೆರಪಿಯವರು ನನ್ನ ಕೈಯಿಂದಲೇ ಮುಟ್ಟಿಸಿ ತೋರಿಸಿದಾಗ. ಎರಡೂ ಕಾಲು ನೀಡಿ ಕೂರಿಸಿ, ನನ್ನ ಅಂಗೈಯನ್ನು ತೊಡೆಯ ಮೇಲೆ ಇಡಿಸಿ, "ಬಿಗಿ ಮಾಡಿ" ಅಂದರು. ಬಲ ತೊಡೆ ಮರದ ಹಾಗೆ ಗಟ್ಟಿಯಾಯಿತು. ಎಡದ್ದು ಕಲಸಿಟ್ಟ ಹಿಟ್ಟು. ಬಿಗಿ ಮಾಡಿದ್ದೇನೆ ಅಂತ ನಾನು ಅಂದುಕೊಂಡಿದ್ದೆ ಅಷ್ಟೇ, ಕೈಗೆ ಏನೂ ಸಿಗಲಿಲ್ಲ. ನೋವಿದ್ದ ಕಾಲು ಎಡದ್ದು.

ಅಲ್ಲಿಗೆ ನಾಲ್ಕು ಸಲ ಹೋದೆ. ಅಷ್ಟರಲ್ಲಿ 2020ರ ಮಾರ್ಚ್ ಬಂತು, ಲಾಕ್‌ಡೌನ್ ಆಯಿತು, ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು. ನಮ್ಮ ಜಿಲ್ಲೆಯ ಈ ತುದಿಯವರಿಗೆ ಆಸ್ಪತ್ರೆ ಅಂದರೆ ಮಂಗಳೂರೇ. ಡಯಾಲಿಸಿಸ್‌ಗೆ ಹೋಗುತ್ತಿದ್ದವರ ಪಾಡು ನೆನೆಸಿದರೆ ನನ್ನದು ಏನೂ ಅಲ್ಲ. ಆದರೆ ಗಡಿ ಮುಚ್ಚಿದ್ದರಿಂದ ನನಗೆ ಒಂದು ಲಾಭ ಆಯಿತು. ಫಿಸಿಯೋದವರು ವಾಟ್ಸಾಪ್ ವಿಡಿಯೋದಲ್ಲಿ ಹೇಳಿಕೊಟ್ಟರು, ನಾನು ಚಾವಡಿಯಲ್ಲಿ ಮಾಡಿದೆ. ಮೆಷಿನ್ ಇಲ್ಲ, ಕರೆಂಟ್ ಶಾಕ್ ಇಲ್ಲ. ಒಂದು ಕುರ್ಚಿ, ಒಂದು ಬೈರಾಸು (ಟವೆಲ್), ಅಷ್ಟೇ.

ಬೈರಾಸನ್ನು ಸುತ್ತಿ ಮೊಣಗಂಟಿನ ಅಡಿಗೆ ಇಟ್ಟು, ಗಂಟಿನಿಂದ ಅದನ್ನು ಕೆಳಗೆ ಒತ್ತುವುದು. ಐದು ಎಣಿಸುವವರೆಗೆ ಹಿಡಿದು ಬಿಡುವುದು, ಹತ್ತು ಸಲ. ಇದು ಹಾಸಿಗೆಯಿಂದ ಏಳುವ ಮೊದಲೇ ಆಗುತ್ತದೆ. ಮತ್ತೆ ಅಂಗಾತ ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದು ಗೇಣು ಎತ್ತಿ ಹಿಡಿಯುವುದು. ಅಡುಗೆಕೋಣೆಯ ಕಟ್ಟೆ ಹಿಡಿದು ತುದಿಗಾಲಲ್ಲಿ ಎದ್ದು ಇಳಿಯುವುದು, ಅನ್ನ ಬೇಯುವಾಗ. ಎಲ್ಲಕ್ಕಿಂತ ಉಪಕಾರ ಆದದ್ದು ಕುರ್ಚಿಯದ್ದು. ಕೈ ಊರದೆ ಎದ್ದು ನಿಲ್ಲುವುದು, ಮತ್ತೆ ಧೊಪ್ ಅಂತ ಬೀಳದೆ ನಿಧಾನ ಕೂರುವುದು. ಮೊದಲ ದಿನ ನನ್ನಿಂದ ಮೂರಕ್ಕಿಂತ ಜಾಸ್ತಿ ಆಗಲಿಲ್ಲ. ಕುರ್ಚಿ ಮೇಲೆ ದಿಂಬು ಹಾಕಿ ಎತ್ತರ ಮಾಡಿದರೆ ಸುಲಭ.

ಎರಡು ವಾರ ಆದ ಮೇಲೆ ಹುರುಪು ಬಂತು. ಒಂದೇ ದಿನ ನಲವತ್ತು ಸಲ ಎದ್ದು ಕೂತೆ. ಮರುದಿನ ಮೊಣಗಂಟು ಊದಿ ಒಂದು ವಾರ ಮಲಗಿದೆ. "ನಾನು ಹೇಳಿದ್ದೆ ಅಲ್ವಾ" ಅಂತ ಅತ್ತೆಯವರಿಗೆ ಒಳ್ಳೆ ಅವಕಾಶ ಆಯಿತು. ಆಮೇಲೆ ಫಿಸಿಯೋದವರು ಒಂದು ಅಳತೆ ಹೇಳಿದರು, ಇವತ್ತಿಗೂ ನಾನು ಅದನ್ನೇ ನೋಡುವುದು. ವ್ಯಾಯಾಮ ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮುಗಿಸಿ ಎರಡು ಗಂಟೆ ಕಳೆದರೂ ಮೊದಲಿಗಿಂತ ಜಾಸ್ತಿ ನೋವಿದ್ದರೆ, ಅಥವಾ ಮರುದಿನ ಬೆಳಿಗ್ಗೆ ಊದಿದ್ದರೆ, ಮಾಡಿದ್ದು ಜಾಸ್ತಿ ಆಯಿತು ಅಂತ. ಆಗ ನಿಲ್ಲಿಸುವುದಲ್ಲ, ಅರ್ಧಕ್ಕೆ ಇಳಿಸುವುದು. ನಿಮ್ಮ ಮನೆಯವರಿಗೂ ಇದನ್ನೇ ಹೇಳಿ.

"ದಿನಾ ಹಟ್ಟಿ, ತೋಟ, ಅಡುಗೆ ಅಂತ ಓಡಾಡುತ್ತೇನೆ, ಮತ್ತೆ ಎಂಥ ವ್ಯಾಯಾಮ?" ಅಂತ ನಾನೂ ವಾದ ಮಾಡಿದ್ದೆ. ಅಡಿಕೆ ಸುಲಿಯುವಾಗ ಎರಡು ಗಂಟೆ ಕುಕ್ಕರುಗಾಲಲ್ಲಿ ಕೂತರೆ ಅದು ವ್ಯಾಯಾಮ ಅಲ್ಲ, ಅದು ಮೊಣಗಂಟಿಗೆ ಶಿಕ್ಷೆ. ನಾನು ಈಗ ಎತ್ತರದ ಸ್ಟೂಲಿನಲ್ಲಿ ಕೂತು ಸುಲಿಯುತ್ತೇನೆ. ನೆಲದಲ್ಲಿ ಕೂತು ತೆಂಗಿನಕಾಯಿ ತುರಿಯುವ ಹೆರೆಮಣೆ ಅಟ್ಟಕ್ಕೆ ಹೋಯಿತು. ಮೇಜಿಗೆ ಕಚ್ಚಿಸಿ ತಿರುಗಿಸುವ ಹೆರೆಯುವ ಮೆಷಿನ್ ಬಂತು. ಕಮೋಡ್ ಹಾಕಿಸಿದೆವು. ನಾಚಿಕೆ ಬಿಟ್ಟು ದೊಣ್ಣೆ ಹಿಡಿದೆ. ದೊಣ್ಣೆ ಹಿಡಿಯಬೇಕಾದದ್ದು ನೋವಿಲ್ಲದ ಕಡೆಯ ಕೈಯಲ್ಲಿ, ಇದನ್ನು ಬಹಳ ಜನ ತಪ್ಪು ಮಾಡುತ್ತಾರೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ತೂಕ ಇದ್ದರೆ ಇಳಿಸಿ. ದೇಹದ ಒಂದು ಕಿಲೋ ಕಡಿಮೆಯಾದರೆ ಪ್ರತಿ ಹೆಜ್ಜೆಗೆ ಮೊಣಗಂಟಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ನಾನು 74ರಿಂದ 69ಕ್ಕೆ ಬಂದೆ. ಹಲಸಿನ ಸೀಸನ್‌ನಲ್ಲಿ 71 ಆಗುತ್ತದೆ, ಅದರ ಬಗ್ಗೆ ನಾನು ಮಾತಾಡುವುದಿಲ್ಲ.

ಎಣ್ಣೆ, ಕಷಾಯದ ಬಗ್ಗೆ ನೀವು ಕೇಳಿಲ್ಲ, ಆದರೂ ಕೇಳುತ್ತೀರಿ. ಆಟಿ ತಿಂಗಳ ಮಳೆಯಲ್ಲಿ ನಾನೂ ಮುರಿವೆಣ್ಣೆ ಹಚ್ಚಿ ಹಂಡೆಯ ಬಿಸಿನೀರು ಹಾಕಿಕೊಳ್ಳುತ್ತೇನೆ. ಹಿಡಿದದ್ದು ಸಡಿಲವಾಗುತ್ತದೆ, ಹಿತ. ಸವೆದದ್ದು ಬೆಳೆಯುವುದಿಲ್ಲ. ಹೆಸರಿಲ್ಲದ ಪೊಟ್ಟಣದ ಪುಡಿ ಮಾತ್ರ ಬೇಡ. ಎರಡೇ ದಿನದಲ್ಲಿ ನೋವು ಮಾಯ ಆದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು ಅಂತ ಸಂಶಯ ಪಡಿ. ಅಂಗಡಿಯಿಂದ ನೀವೇ ತರುವ ನೋವಿನ ಮಾತ್ರೆಯಲ್ಲೂ ಜಾಗ್ರತೆ. ಡೈಕ್ಲೋಫೆನಾಕ್ ತರಹದ್ದು ಹೊಟ್ಟೆಗೂ ಕಿಡ್ನಿಗೂ ತೊಂದರೆ, ಬಿಪಿ ಇದ್ದರೆ ಕೇಳಿಯೇ ತಗೊಳ್ಳಿ.

ಇಷ್ಟೆಲ್ಲ ಹೇಳಿದ್ದು ಸವೆತದ ಸಂಧಿವಾತಕ್ಕೆ. ನಿಮ್ಮದು ಅದೇ ಹೌದಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ನನ್ನ ನಾದಿನಿಗೂ "ಗಂಟು ನೋವು" ಅಂತಲೇ ಎಲ್ಲರೂ ಅಂದುಕೊಂಡದ್ದು. ಅವಳಿಗೆ ಎರಡೂ ಕೈಯ ಬೆರಳಿನ ಗಂಟು ಊದುತ್ತಿತ್ತು, ಬೆಳಿಗ್ಗೆ ಎದ್ದರೆ ಒಂದು ಗಂಟೆಗಿಂತ ಜಾಸ್ತಿ ಹೊತ್ತು ಕೈ ಮಡಚಲು ಆಗುತ್ತಿರಲಿಲ್ಲ, ದೋಸೆ ಮಗುಚಲು ಮಗಳನ್ನು ಕರೆಯುತ್ತಿದ್ದಳು. ನನಗೆ ಬೆಳಗಿನ ಹಿಡಿತ ಹತ್ತು-ಹದಿನೈದು ನಿಮಿಷಕ್ಕೆ ಬಿಡುತ್ತದೆ. ಅವಳದ್ದು ರುಮಟಾಯ್ಡ್, ಅಂದರೆ ದೇಹದ ರಕ್ಷಣಾ ಶಕ್ತಿಯೇ ಗಂಟುಗಳ ಮೇಲೆ ತಿರುಗಿಬೀಳುವ ಸಂಧಿವಾತ, ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಅದಕ್ಕೆ ವ್ಯಾಯಾಮ ಒಂದೇ ಸಾಲದು. ಬೇಗ ಮದ್ದು ಶುರು ಮಾಡದಿದ್ದರೆ ಗಂಟು ಸೊಟ್ಟಗಾಗುತ್ತದೆ. ಅವಳು ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ, ದಿನಾ ತಿಂದರೆ ಜೀವಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆಲ್ಲ ಕೆಂಪು ಸುತ್ತು ಹಾಕಿಟ್ಟಿದ್ದಾಳೆ. ಜ್ವರದ ಜೊತೆ ಒಂದೇ ಗಂಟು ಕೆಂಪಾಗಿ ಬಿಸಿಯಾಗಿ ಊದಿದರೂ ವ್ಯಾಯಾಮ ಅಂತ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಒಂದು ಹೇಳಲು ಮರೆತೆ. ಕುರ್ಚಿಯನ್ನು ಗೋಡೆಗೆ ತಾಗಿಸಿಯೇ ಇಡಿ. ನಮ್ಮ ಚಾವಡಿ ರೆಡ್ ಆಕ್ಸೈಡಿನದ್ದು, ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರಿ ನಾನು ನೆಲದಲ್ಲಿ ಕೂತೆ. ಮೊಣಗಂಟಿಗೆ ಏನೂ ಆಗಲಿಲ್ಲ. ಸೊಂಟ ಮೂರು ವಾರ ನೋಯಿತು.