ಗಂಡ ದಿನಾ ಅದೇ ಹಳೇ ರಾಕ್ ಹಾಡು ಕೇಳ್ತಾರೆ, ಆ ಲೋಕದಲ್ಲಿ ನನಗೆ ಜಾಗ ಇದೆಯಾ?

ನಿಮ್ಮ ಪ್ರಶ್ನೆ ಓದಿ ಮೂರು ದಿನ ಆಯ್ತು. ಅವತ್ತೇ ಬರೆಯೋಣ ಅಂತ ಕೂತೆ, ಆಗಲಿಲ್ಲ. ನೀವು ಯಾರ ಬಗ್ಗೆ ಕೇಳಿದ್ದೀರೋ, ಆ ಜಾಗದಲ್ಲಿ ಇಪ್ಪತ್ತೇಳು ವರ್ಷದಿಂದ ನಾನಿದ್ದೇನೆ.

ನೀವು ಬರೆದಿರೋದು ಇಷ್ಟು. ಮದುವೆಯಾಗಿ ಹದಿನಾಲ್ಕು ವರ್ಷ. ಹೋದ ವರ್ಷ ದೊಡ್ಡ ಊರು ಬಿಟ್ಟು, ನಿಮ್ಮ ಯಜಮಾನರು ಹುಟ್ಟಿ ಬೆಳೆದ ಸಣ್ಣ ಊರಿಗೆ ಬಂದಿರಿ. ಬಂದಮೇಲೆ ಅವರು ಅಟ್ಟದಿಂದ ಕ್ಯಾಸೆಟ್ ಪೆಟ್ಟಿಗೆ ಇಳಿಸಿದರು. ಈಗ ದಿನಾ ರಾತ್ರಿ ಪಿಂಕ್ ಫ್ಲಾಯ್ಡ್, ಲೆಡ್ ಜೆಪ್ಲಿನ್, ಡೀಪ್ ಪರ್ಪಲ್ ಅಂತ ಇಂಗ್ಲಿಷ್ ರಾಕ್ ತಂಡಗಳ ಹಾಡು ಹಾಕಿಕೊಂಡು ಒಬ್ಬರೇ ಕೂರುತ್ತಾರೆ. ಜಗಳ ಇಲ್ಲ, ಕೋಪ ಇಲ್ಲ. ಆದರೆ ಆ ಹೊತ್ತಿನಲ್ಲಿ ಅವರು ನನಗೆ ಗೊತ್ತಿಲ್ಲದ ಯಾರೋ ಅನ್ನಿಸುತ್ತೆ, ನಾನು ಬರುವ ಮುಂಚಿನ ಬದುಕೇ ಅವರಿಗೆ ಚೆನ್ನಾಗಿತ್ತೇನೋ ಅನ್ನಿಸುತ್ತೆ ಅಂತ ಬರೆದಿದ್ದೀರಿ.

ಆ ಕೊನೇ ಮಾತು ಓದಿ ಸಂಕಟ ಆಯ್ತು. ಅದು ಹಾಗಲ್ಲ ಅಂತ ಹೇಳೋದಕ್ಕೇ ಬರೀತಿದ್ದೇನೆ.

ಆ ಹಾಡುಗಳು ಸಣ್ಣ ಊರಿಗೆ ಹೇಗೆ ಬರುತ್ತಿದ್ದವು ಅನ್ನೋದನ್ನ ಮೊದಲು ಹೇಳ್ತೇನೆ. ಅದು ಗೊತ್ತಾದರೆ ನಿಮ್ಮವರು ಕೂತು ಏನು ಕೇಳುತ್ತಿದ್ದಾರೆ ಅನ್ನೋದು ಸ್ವಲ್ಪ ಹತ್ತಿರ ಆಗಬಹುದು. ನಮ್ಮ ಕಾಲದಲ್ಲಿ ಈ ಹಾಡು ಎರಡೇ ದಾರಿಯಲ್ಲಿ ಬರುತ್ತಿತ್ತು. ಒಂದು ರಾತ್ರಿ ರೇಡಿಯೋ. ಹಗಲಿಡೀ ಗೊರಗೊರ ಅನ್ನುತ್ತಿದ್ದ ಮೀಡಿಯಂ ವೇವ್, ಕತ್ತಲಾದ ಮೇಲೆ ಬೇರೆಯೇ ಆಗುತ್ತಿತ್ತು. ಆಕಾಶದಲ್ಲಿ ಎತ್ತರಕ್ಕೆ ಒಂದು ಪದರ ಇದೆ. ಬಿಸಿಲಿರುವವರೆಗೂ ಅದು ಈ ಅಲೆಗಳನ್ನು ಹೀರಿಕೊಳ್ಳುತ್ತೆ. ಸೂರ್ಯ ಮುಳುಗಿದರೆ ಆ ಪದರ ಇಲ್ಲವಾಗುತ್ತೆ. ಆಗ ಅಲೆಗಳು ಇನ್ನೂ ಮೇಲಕ್ಕೆ ಹೋಗಿ, ಅಲ್ಲಿಂದ ತಿರುಗಿ, ನೂರಾರು ಕಿಲೋಮೀಟರ್ ಆಚೆ ಬಂದು ಬೀಳುತ್ತವೆ. ನಮಗೆ ಆಗ ಇದೆಲ್ಲ ಗೊತ್ತಿರಲಿಲ್ಲ. ಎಲ್ಲರೂ ಮಲಗಿದ ಮೇಲೆ ದೂರದ ಊರು ತಾನಾಗಿ ಹತ್ತಿರ ಬರುತ್ತೆ ಅಂತಷ್ಟೇ ಗೊತ್ತಿತ್ತು. ಹಾಡು ಏರುತ್ತಿತ್ತು, ಇಳಿಯುತ್ತಿತ್ತು, ಒಮ್ಮೊಮ್ಮೆ ಮಧ್ಯದಲ್ಲೇ ಮಾಯ. ಹಾಡಿದ್ದು ಯಾರು ಅಂತ ಹೇಳುವ ಹೊತ್ತಿಗೇ ಸರಿಯಾಗಿ ದನಿ ಮುಳುಗಿಹೋಗುತ್ತಿತ್ತು. ತಿಂಗಳುಗಟ್ಟಲೆ ಒಂದು ಹಾಡಿಗೆ ಹೆಸರೇ ಇಲ್ಲದೆ ನಾವು ಅದನ್ನು ಗುನುಗಿದ್ದುಂಟು.

ಇನ್ನೊಂದು ದಾರಿ ಕ್ಯಾಸೆಟ್. ಯಾರದೋ ಅಣ್ಣ ದೂರದಿಂದ ತಂದದ್ದು, ಅದರಿಂದ ಇನ್ನೊಬ್ಬ ಇಳಿಸಿಕೊಂಡದ್ದು, ಅದರಿಂದ ಮತ್ತೊಬ್ಬ. ಪ್ರತಿ ಸಲ ಇಳಿಸಿದಾಗಲೂ ‘ಸ್’ ಅನ್ನೋ ಸದ್ದು ಒಂದು ಪದರ ಜಾಸ್ತಿ ಆಗುತ್ತಿತ್ತು. ನನ್ನ ಕೈಗೆ ಬರುವ ಹೊತ್ತಿಗೆ ಮಳೆಯಲ್ಲಿ ನಿಂತು ಹಾಡಿದ ಹಾಗಿರುತ್ತಿತ್ತು. ಇದ್ದದ್ದು ಆರೋ ಏಳೋ ಕ್ಯಾಸೆಟ್, ಕೇಳುವವರು ನಾಲ್ಕು ಜನ. ಅದಕ್ಕೇ ಒಂದೊಂದನ್ನೂ ನೂರು ಸಲ ಕೇಳಿದೆವು.

ಒಂದು ವಿಷಯ ಗಮನಿಸಿ. ಪಿಂಕ್ ಫ್ಲಾಯ್ಡ್‌ನ ‘ವಿಶ್ ಯು ವರ್ ಹಿಯರ್’ ಆಲ್ಬಮ್ ಬಂದದ್ದು 1975ರಲ್ಲಿ. ನಾನು ಕೇಳಿದ್ದು 1988ರಲ್ಲಿ. ನಮ್ಮ ಪಾಲಿಗೆ ಈ ಹಾಡುಗಳು ಯಾವತ್ತೂ ಹೊಸದಾಗಿರಲೇ ಇಲ್ಲ, ಬಂದಾಗಲೇ ಹಳೆಯವು. ನಿಮ್ಮವರಿಗೆ ನಲವತ್ತೈದು ಅಂದಿರಿ. ಅವರು ಹುಟ್ಟುವ ಮುಂಚಿನ ಹಾಡುಗಳಿವು. ಹಾಗಾದ್ರೆ ಅವರು ನೆನೆಸಿಕೊಳ್ಳುತ್ತಿರೋದು ಆ ಕಾಲವನ್ನಲ್ಲ. ಒಂದು ಕೋಣೆಯನ್ನ. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ಗೋಡೆಗೆ ಒರಗಿ ಕೂತ ಮೂರ್ನಾಲ್ಕು ಹುಡುಗರನ್ನ. ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರ ವಿಷಯ ಗೊತ್ತಿರುತ್ತೆ, ಅಲ್ವಾ? ಆದರೆ ಈ ಹಾಡಿನ ವಿಷಯ ಮಾತಾಡಬಹುದಾದವರು ಆ ಮೂರ್ನಾಲ್ಕು ಜನ ಮಾತ್ರ. ಈಗ ನಿಮ್ಮವರು ಅದೇ ಊರಿಗೆ ವಾಪಸ್ ಬಂದಿದ್ದಾರೆ, ಆ ಜನ ಅಲ್ಲಿಲ್ಲ. ನನ್ನ ಊಹೆ ಇದು. ತಪ್ಪಿದ್ದರೂ ಪೂರ್ತಿ ತಪ್ಪಿರಲಾರದು.

ಮನಸ್ಸಿನ ಬಗ್ಗೆ ಓದಿದವರು ಹೇಳುವ ಒಂದು ಮಾತಿದೆ. ವಯಸ್ಸಾದವರನ್ನು ಬದುಕಿನ ನೆನಪು ಹೇಳಿ ಅಂದರೆ, ಹೆಚ್ಚು ಬರೋದು ಹತ್ತರಿಂದ ಮೂವತ್ತು ವಯಸ್ಸಿನ ನಡುವಿನವು. ಆ ವಯಸ್ಸಿನಲ್ಲಿ ಕಿವಿಗೆ ಬಿದ್ದ ಹಾಡೂ ಹಾಗೇ ಉಳಿದುಬಿಡುತ್ತೆ. ಅದರರ್ಥ ಆಮೇಲಿನ ಬದುಕು ರುಚಿಸಲಿಲ್ಲ ಅಂತ ಅಲ್ಲ. ಮೊದಲ ಸಲ ಆದದ್ದೆಲ್ಲ ಗಟ್ಟಿಯಾಗಿ ಅಚ್ಚಾಗುತ್ತೆ, ಅಷ್ಟೆ. ನಿಮಗೂ ಹಾಗೆ ಉಳಿದ ಹಾಡು ಇದ್ದೇ ಇರುತ್ತೆ. ಅದನ್ನು ಕೇಳಿದಾಗ ನಿಮ್ಮವರು ಬೇಡ ಅಂತ ನಿಮಗೇನೂ ಅನ್ನಿಸೋದಿಲ್ಲ ತಾನೆ?

ಈಗ ನನ್ನ ಮನೆಯ ಕಥೆ ಹೇಳ್ತೇನೆ.

ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಆ 1975ರ ಆಲ್ಬಮ್ ಹಾಕಿದೆ. ಅದರ ಮೊದಲ ಹಾಡಿನಲ್ಲಿ ಎಂಟು ನಿಮಿಷ ದಾಟುವವರೆಗೆ ಮನುಷ್ಯರ ದನಿಯೇ ಬರೋದಿಲ್ಲ. ನನ್ನಾಕೆ ಐದು ನಿಮಿಷ ಕೂತಳು. ಆಮೇಲೆ, “ರೀ, ಇದು ಶುರುವಾಗೋದು ಯಾವಾಗ?” ಅಂದಳು. ಬೇಸರದಿಂದ ಕೇಳಿದ್ದಲ್ಲ, ನಿಜವಾಗಿ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಸುಮ್ನೆ ದನಿ ಸ್ವಲ್ಪ ತಗ್ಗಿಸಿದೆ. ಅವಳು ಎದ್ದು ಹೋದಳು. ಆಮೇಲೆ ಎರಡು ವರ್ಷ ನಾನು ಒಬ್ಬನೇ ಕೇಳಿದೆ. ಅವಳನ್ನು ಹೊರಗಿಡಬೇಕು ಅಂತಲ್ಲ. ಇಷ್ಟವಿಲ್ಲದವರಿಗೆ ಯಾಕೆ ತೊಂದರೆ ಅಂದುಕೊಂಡೆ. ಆದರೆ ಅವಳಿಗೆ ಇಷ್ಟವಾದದ್ದು ಯಾವುದು ಅಂತಲೂ ಕೇಳಲಿಲ್ಲ. ಅದು ನನ್ನ ತಪ್ಪು. ಇವತ್ತಿಗೂ ನೆನೆಸಿಕೊಂಡರೆ ಬೇಜಾರಾಗುತ್ತೆ.

ಅದು ತೊಂಬತ್ತು ನಿಮಿಷದ ಕ್ಯಾಸೆಟ್. ಒಂದೊಂದು ಕಡೆಗೆ ನಲವತ್ತೈದು. ಆ ಆಲ್ಬಮ್ ಸುಮಾರು ನಲವತ್ತನಾಲ್ಕು ನಿಮಿಷ, ಹಾಗಾಗಿ ಒಂದೇ ಕಡೆಯಲ್ಲಿ ಪೂರ್ತಿ ಹಿಡಿದಿತ್ತು. ಇನ್ನೊಂದು ಕಡೆ ಖಾಲಿ. ಒಂದು ದಿನ ನಾನಿಲ್ಲದಾಗ ಅವಳು ಆ ಖಾಲಿ ಕಡೆಗೆ ತನ್ನ ಹಾಡುಗಳನ್ನು ತುಂಬಿಸಿದಳು. ಮನೆಯಲ್ಲಿ ಬೇರೆ ಖಾಲಿ ಕ್ಯಾಸೆಟ್ ಇರಲಿಲ್ಲ, ಅಷ್ಟೇ ಕಾರಣ. ನನಗೆ ಹೇಳಲಿಲ್ಲ. ನಾನು ಆ ಕಡೆ ತಿರುಗಿಸುತ್ತಲೇ ಇರಲಿಲ್ಲವಲ್ಲ, ಗೊತ್ತಾಗಲೂ ಇಲ್ಲ.

ಒಂದು ರಾತ್ರಿ ಹಾಡು ಎಳೆಯತೊಡಗಿತು. ಗಿಟಾರ್ ದನಿ ಅಳುವ ಹಾಗೆ ಜಗ್ಗಿ ನಿಂತೇಹೋಯ್ತು. ಮುಚ್ಚಳ ತೆಗೆದರೆ ರೀಲು ಹೊರಗೆ ಬಂದು ರಬ್ಬರ್ ಚಕ್ರಕ್ಕೆ ಸುತ್ತಿಕೊಂಡಿದೆ. ಗಾಬರಿಯಲ್ಲಿ ಎಳೆದೆ. ತುಂಡಾಯ್ತು. ಹತ್ತು ವರ್ಷ ಕಾಪಾಡಿದ ಕ್ಯಾಸೆಟ್. ನಾನು ಕೈಯಲ್ಲಿ ಹಿಡಿದು ಕೂತುಬಿಟ್ಟೆ.

ಅವಳು ಬಂದಳು. ಏನೂ ಹೇಳದೆ ಕೈಯಿಂದ ತಗೊಂಡಳು. ಮೂಲೆಯ ಪುಟ್ಟ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಬಟ್ಟಲಿಗೆ ಹಾಕಿದಳು. ರೀಲಿನ ಅಗಲ ನಾಲ್ಕು ಮಿಲಿಮೀಟರ್ ಕೂಡ ಇರೋದಿಲ್ಲ, ಬೆವರು ತಾಗಿದರೂ ಅಂಟುತ್ತೆ. ಸುಕ್ಕಾಗಿ ಹಾಳಾದ ಭಾಗವನ್ನು ಕತ್ತರಿಯಲ್ಲಿ ಎರಡೂ ಬದಿಯಿಂದ ತೆಗೆದಳು. ಎರಡು ತುದಿ ಒಂದಕ್ಕೊಂದು ತಾಗುವ ಹಾಗೆ ಕಾಗದದ ಮೇಲಿಟ್ಟು, ಹಿಂಬದಿಗೆ ಮಾತ್ರ ಗಮ್ ಟೇಪ್ ಅಂಟಿಸಿ, ಅಂಚು ಮೀರಿದ್ದನ್ನು ಬ್ಲೇಡಿನಿಂದ ಸವರಿದಳು. ಆಮೇಲೆ ಪೆನ್ಸಿಲ್ ಸಿಗಿಸಿ ನಿಧಾನಕ್ಕೆ ಸುತ್ತಿದಳು. ಅಷ್ಟೂ ಹೊತ್ತು ಉಸಿರು ಬಿಗಿಹಿಡಿದಿದ್ದಳು, ನೋಡ್ತಿದ್ದೆ. ಇಷ್ಟವೇ ಇಲ್ಲದ ಹಾಡಿಗೆ ಒಬ್ಬರು ಇಷ್ಟು ಜೋಪಾನ ಮಾಡ್ತಾರಾ ಅನ್ನಿಸಿತು.

ಕತ್ತರಿಸಿ ತೆಗೆದದ್ದು ಸುಮಾರು ಏಳು ಸೆಂಟಿಮೀಟರ್. ಕ್ಯಾಸೆಟ್ ಒಂದು ಸೆಕೆಂಡಿಗೆ ಐದು ಸೆಂಟಿಮೀಟರ್‌ಗಿಂತ ಸ್ವಲ್ಪ ಕಡಿಮೆ ಓಡುತ್ತೆ. ಅಂದರೆ ಹಾಡಿನಲ್ಲಿ ಒಂದೂವರೆ ಸೆಕೆಂಡು ಹೋಯ್ತು. ಹೋದದ್ದು ಆಲ್ಬಮ್ಮಿನ ಹೆಸರಿನದೇ ಹಾಡಿನಲ್ಲಿ, ಇಪ್ಪತ್ತೆಂಟನೇ ನಿಮಿಷದ ಆಸುಪಾಸು. ಹಾಕಿ ನೋಡಿದೆವು. ಹಾಡು ಒಂದು ಕಡೆ ಚಂಗನೆ ಹಾರಿ ಮುಂದೆ ಹೋಯ್ತು. ಅವಳು ತಕ್ಷಣ ಕ್ಯಾಸೆಟ್ ತೆಗೆದು ತಿರುಗಿಸಿ ಹಾಕಿದಳು. ಅವಳ ಹಾಡುಗಳು ಬಂದವು. ಆವಾಗಲೇ ನನಗೆ ಗೊತ್ತಾದದ್ದು. ಹದಿನೇಳನೇ ನಿಮಿಷದ ಹತ್ತಿರ, ಅವಳಿಗೆ ತುಂಬಾ ಇಷ್ಟವಾದ ಹಾಡಿನ ಚರಣದಲ್ಲಿ, ಅದೇ ಒಂದೂವರೆ ಸೆಕೆಂಡು ಇರಲಿಲ್ಲ. ಒಂದೇ ರೀಲು ತಾನೆ, ಎರಡೂ ಕಡೆ. ಕತ್ತರಿ ಹಾಕುವಾಗಲೇ ಅವಳಿಗೆ ಅದು ಗೊತ್ತಿತ್ತು.

ಅವತ್ತು ರಾತ್ರಿ ಆಲ್ಬಮ್ಮಿನ ಹೆಸರಿನ ಆ ಹಾಡಿನ ಬಗ್ಗೆ ಮೊದಲ ಸಲ ಅವಳಿಗೆ ಬಾಯಿಬಿಟ್ಟು ಹೇಳಿದೆ. ಅದರ ಶುರುವಿನಲ್ಲಿ ಯಾರೋ ರೇಡಿಯೋ ಸ್ಟೇಷನ್ ಹುಡುಕುತ್ತಿರುವ ಸದ್ದು ಬರುತ್ತೆ. ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅವರ ಕಾರಿನ ರೇಡಿಯೋದಿಂದ ರೆಕಾರ್ಡ್ ಮಾಡಿದ್ದು ಅದು. ಆಮೇಲೆ ಒಂದು ಗಿಟಾರ್ ಕೇಳಿಸುತ್ತೆ, ಸಣ್ಣ ರೇಡಿಯೋದಿಂದ ಬಂದ ಹಾಗೆ ತೆಳ್ಳಗೆ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಗಿಟಾರ್ ಸೇರುತ್ತೆ, ಈ ಸಲ ಸ್ಪಷ್ಟವಾಗಿ, ಪಕ್ಕದಲ್ಲೇ ಕೂತು ನುಡಿಸಿದ ಹಾಗೆ. ದೂರದ ರೇಡಿಯೋಗೆ ಒಬ್ಬ ಹುಡುಗ ತನ್ನ ಕೋಣೆಯಲ್ಲಿ ಜೊತೆ ಕೊಡುತ್ತಿದ್ದಾನೆ. ಅದು ನಾನೇ, ಅದಕ್ಕೇ ಅದು ನನಗೆ ಅಷ್ಟು ಇಷ್ಟ ಅಂದೆ.

ಸಿಡ್ ಬ್ಯಾರೆಟ್ ಕಥೆಯನ್ನೂ ಹೇಳಿದೆ. ತಂಡ ಶುರುವಾದಾಗ ಅದರ ಜೀವವೇ ಆಗಿದ್ದವರು. ಮನಸ್ಸಿನ ಆರೋಗ್ಯ ಕೆಟ್ಟು 1968ರಲ್ಲಿ ತಂಡದಿಂದ ಹೊರಗಾದರು. ಆ ಆಲ್ಬಮ್ಮಿನ ಉದ್ದದ ಮೊದಲ ಹಾಡು ಅವರ ಮೇಲೆಯೇ. 1975ರ ಜೂನ್‌ನಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಆಲ್ಬಮ್ಮಿನ ಕೆಲಸ ನಡೀತಿದ್ದಾಗ, ತಲೆ ಹುಬ್ಬು ಬೋಳಿಸಿಕೊಂಡ ದಪ್ಪ ಮನುಷ್ಯರೊಬ್ಬರು ಬಂದು ನಿಂತರು. ಜೊತೆಗೆ ಬೆಳೆದ ಗೆಳೆಯರಿಗೇ ಸುಮಾರು ಹೊತ್ತು ಗುರುತು ಸಿಗಲಿಲ್ಲ. ಅದು ಸಿಡ್. ಇಷ್ಟು ಕೇಳಿದ ಮೇಲೆ ನನ್ನಾಕೆ, “ಆ ಮೊದಲನೇ ಹಾಡು ಇನ್ನೊಂದ್ಸಲ ಹಾಕಿ” ಅಂದಳು. ಎಂಟು ನಿಮಿಷವೂ ಕೂತಳು. ಅವಳಿಗೆ ಆ ಸಂಗೀತ ಇವತ್ತಿಗೂ ಅಷ್ಟೇನೂ ಇಷ್ಟ ಇಲ್ಲ. ಆದರೆ ಆ ಮನುಷ್ಯನ ಬಗ್ಗೆ ಕಾಳಜಿ ಇದೆ. ನನಗೆ ಅಷ್ಟು ಸಾಕು.

ಅದಕ್ಕೇ ನಿಮಗೆ ಹೇಳೋದು, ಇಷ್ಟ ಇಲ್ಲದಿದ್ದರೂ ಇಷ್ಟ ಅಂತ ನಟಿಸಬೇಡಿ. ಅದು ಅವರಿಗೆ ಒಂದೇ ವಾರದಲ್ಲಿ ಗೊತ್ತಾಗುತ್ತೆ. ಈ ಹಾಡು ಯಾಕೆ ಇಷ್ಟ ಅಂತಲೂ ಕೇಳಬೇಡಿ, ಅದಕ್ಕೆ ನಮಗೆ ಉತ್ತರ ಬರೋದಿಲ್ಲ. ಇದನ್ನು ಮೊದಲು ಎಲ್ಲಿ ಕೇಳಿದ್ರಿ, ಆಗ ಜೊತೆಗೆ ಯಾರಿದ್ದರು ಅಂತ ಕೇಳಿ. ಆ ಕೋಣೆಯ ಬಾಗಿಲು ತಾನಾಗಿ ತೆರೆಯುತ್ತೆ. ಅದೇ ಊರಲ್ಲಿದ್ದೀರಲ್ಲ, ಆ ಮನೆ ಇನ್ನೂ ಇದ್ದರೆ ಒಂದು ಸಂಜೆ ಇಬ್ಬರೂ ಆ ದಾರಿಯಲ್ಲಿ ನಡೆದುಹೋಗಿ.

ಅವರಿಗೂ ನಿಮ್ಮ ಹಾಡು ಕೇಳಿಸಿ. ಇದು ಮುಖ್ಯ. ಅವರ ನೆನಪಿಗೆ ನೀವು ಜಾಗ ಮಾಡಿಕೊಡುವ ಹಾಗೆ ನಿಮ್ಮ ನೆನಪಿಗೆ ಅವರೂ ಮಾಡಿಕೊಡಬೇಕು. ನಿಮ್ಮ ಹಾಡು ಯಾವುದು ಅಂತ ಅವರಾಗಿ ಕೇಳದಿದ್ದರೆ ನೀವೇ ಹೇಳಿ. ನನ್ನಾಕೆ ಆ ಎರಡು ವರ್ಷದಲ್ಲಿ ಒಂದು ಸಲ ನನ್ನನ್ನು ಕೂರಿಸಿಕೊಂಡು ಹೇಳಿದ್ದರೆ ಚೆನ್ನಾಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತೆ. ಆದರೆ ಕೇಳಬೇಕಾಗಿದ್ದವನು ನಾನು.

ಪೆಟ್ಟಿಗೆಯ ಬಗ್ಗೆಯೂ ಒಂದು ಮಾತು. ವರ್ಷಗಟ್ಟಲೆ ಸುತ್ತಿಟ್ಟ ಕ್ಯಾಸೆಟ್ಟನ್ನು ನೇರವಾಗಿ ಹಾಕಬೇಡಿ. ಮೊದಲು ಕೊನೆಯವರೆಗೆ ಓಡಿಸಿ, ವಾಪಸ್ ಸುತ್ತಿ. ಟೇಪ್ ರೆಕಾರ್ಡರಿನ ಹೆಡ್ಡು, ರಬ್ಬರ್ ಚಕ್ರ ಒರೆಸಿ. ಇಲ್ಲದಿದ್ದರೆ ನಮಗಾದದ್ದೇ ನಿಮಗೂ ಆಗುತ್ತೆ. ಇನ್ನೊಂದು, ಅಂಥ ಕ್ಯಾಸೆಟ್‌ನಲ್ಲಿ ಹಾಡು ಶುರುವಾಗುವ ಮುಂಚಿನ ಮೌನಕ್ಕೆ ಕಿವಿ ಕೊಡಿ. ಒಮ್ಮೊಮ್ಮೆ ಅಲ್ಲೇ ಅದೇ ಹಾಡು ತೀರಾ ಸಣ್ಣಗೆ ಕೇಳಿಸುತ್ತೆ. ರೀಲು ಒಂದರ ಮೇಲೊಂದು ಸುತ್ತಿಕೊಂಡು ಬಹಳ ಕಾಲ ಇದ್ದರೆ, ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೂ ಸ್ವಲ್ಪ ಅಂಟಿಕೊಂಡಿರುತ್ತೆ. ಅದನ್ನು ನಿಮ್ಮವರಿಗೆ ತೋರಿಸಿ. ಇಷ್ಟು ವರ್ಷ ಕೇಳಿಯೂ ಅವರು ಗಮನಿಸಿರದೇ ಇರಬಹುದು.

ನಮ್ಮ ಆ ಕ್ಯಾಸೆಟ್ ಈಗ ಓಡೋದಿಲ್ಲ. ಹಾಡು ಫೋನಿನಲ್ಲೇ ಸಿಗುತ್ತೆ, ಕನ್ನಡಿಯ ಹಾಗೆ ಶುದ್ಧವಾಗಿ, ಒಂದು ಸೆಕೆಂಡೂ ಕಡಿಮೆ ಇಲ್ಲದೆ. ಹೋದ ವಾರ ರಾತ್ರಿ ಹಾಕಿದ್ದೆ. ಅವಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಆ ಜಾಗ ಬಂತು. ಹಾಡು ಹಾರಲಿಲ್ಲ, ಸಲೀಸಾಗಿ ಮುಂದೆ ಹೋಯ್ತು. ಒಳಗಿನಿಂದ ಅವಳ ದನಿ ಬಂತು, “ರೀ, ಇಲ್ಲಿ ಹಾರಬೇಕಿತ್ತಲ್ವಾ?”