ಕಾಲಿನ ಸಿ.ಟಿ. ಆಂಜಿಯೋಗ್ರಾಮ್‌ನಲ್ಲಿ ಮೀನಖಂಡವನ್ನು ಎರಡು ಬಾರಿ ಸ್ಕ್ಯಾನ್ ಮಾಡುವುದೇಕೆ?

ಕಾಲಿನ ರಕ್ತನಾಳಗಳನ್ನು ತೋರಿಸುವ ಈ ಸ್ಕ್ಯಾನ್‌ನಲ್ಲಿ ತಂದೆಯವರ ಮೀನಖಂಡವನ್ನು ಎರಡು ಬಾರಿ ತೆಗೆದರು, ಏನಾದರೂ ತಪ್ಪಾಯಿತೇ ಎಂದು ಕೇಳಿದ್ದೀರಿ. ಇದು ತಪ್ಪಿನ ಲಕ್ಷಣವಲ್ಲ. ಕೋಲಾರದ ಸ್ಕ್ಯಾನ್ ಕೇಂದ್ರದಲ್ಲಿ ನಿಮ್ಮ ತಂದೆಯವರ ಮೀನಖಂಡವನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡಿದ್ದಕ್ಕೆ ಬಹುಮಟ್ಟಿಗೆ ಕಾರಣ ಇಷ್ಟೇ: ಮೊದಲ ಬಾರಿ ಯಂತ್ರ ಅಲ್ಲಿಗೆ ಬಂದಾಗ ಕಾಂಟ್ರಾಸ್ಟ್ ದ್ರವ ಇನ್ನೂ ಬಂದಿರಲಿಲ್ಲ.

ಅಯೋಡಿನ್ ಇರುವ ಈ ದ್ರವ ಚಿತ್ರದಲ್ಲಿ ರಕ್ತನಾಳವನ್ನು ಬೆಳ್ಳಗೆ ತೋರಿಸುತ್ತದೆ. ತೋಳಿನ ಸಿರೆಗೆ ಚುಚ್ಚಿದ ದ್ರವ ಹೃದಯ, ಶ್ವಾಸಕೋಶ ದಾಟಿ ಹೊಟ್ಟೆಯ ಮಹಾಧಮನಿಗೆ ಬಂದದ್ದನ್ನು ಗುರುತಿಸಿಯೇ ಯಂತ್ರ ಸ್ಕ್ಯಾನ್ ಆರಂಭಿಸುತ್ತದೆ. ತೊಡಕಿರುವುದು ಅಲ್ಲಿಂದ ಮುಂದೆ. ಮಹಾಧಮನಿಯಿಂದ ಮಂಡಿಯವರೆಗೆ ಈ ದ್ರವ ಕೆಲವರಲ್ಲಿ ಸೆಕೆಂಡಿಗೆ ಸುಮಾರು 180 ಮಿ.ಮೀ. ವೇಗದಲ್ಲಿ ಇಳಿದರೆ, ಕೆಲವರಲ್ಲಿ ಕೇವಲ 30 ಮಿ.ಮೀ. ವೇಗದಲ್ಲಿ ಇಳಿಯುತ್ತದೆ. ಕಾಲಿನ ಧಮನಿ ಕಿರಿದಾಗುವ ಕಾಯಿಲೆಯ ತೀವ್ರತೆಯನ್ನು ನೋಡಿಯೂ ಇದನ್ನು ಖಚಿತವಾಗಿ ಊಹಿಸಲಾಗದು. ಒಬ್ಬರದೇ ಎರಡು ಕಾಲುಗಳಲ್ಲಿಯೂ ವೇಗ ಬೇರೆಯಾಗಬಹುದು! ಇಂದಿನ ವೇಗದ ಯಂತ್ರಗಳು ದ್ರವವನ್ನು ಹಿಂದಿಕ್ಕಿ ಪಾದ ತಲುಪಿಬಿಡುತ್ತವೆ. ಆಗ ತೆರೆದಿರುವ ಧಮನಿಯೂ ಮುಚ್ಚಿದಂತೆ ಕಾಣುತ್ತದೆ.

ಆದ್ದರಿಂದ ಬೇಕೆಂದೇ ನಿಧಾನಿಸುವುದು ಒಂದು ಒಳ್ಳೆಯ ಕ್ರಮ. ಸ್ಕ್ಯಾನನ್ನು ಸುಮಾರು 40 ಸೆಕೆಂಡಿಗೆ ಹಿಗ್ಗಿಸಿ, ಚುಚ್ಚುವುದನ್ನೂ ಸುಮಾರು 35 ಸೆಕೆಂಡು ನಡೆಸಿ, ಹಿಂದೆಯೇ ಸಲೈನ್ (ಉಪ್ಪುನೀರಿನ ದ್ರಾವಣ) ಹರಿಸುತ್ತಾರೆ. ತೋಳಿನ ಸಿರೆಯಲ್ಲಿ ಉಳಿದ ದ್ರವವನ್ನು ಸಲೈನ್ ಮುಂದಕ್ಕೆ ತಳ್ಳುತ್ತದೆ. ಆದರೂ ತಡವಾದರೆ ಇರಲಿ ಎಂದು ಮಂಡಿಯಿಂದ ಕೆಳಗೆ ಎರಡನೇ ಸ್ಕ್ಯಾನ್ ಸಿದ್ಧವಿರುತ್ತದೆ. ಅದಕ್ಕೆ ಹೊಸದಾಗಿ ದ್ರವ ಚುಚ್ಚಬೇಕಿಲ್ಲ. ಬರೀ ದ್ರವದ ಪ್ರಮಾಣ ಹೆಚ್ಚಿಸುವುದು ಇದಕ್ಕೆ ಉತ್ತರವಲ್ಲ. ಸಮಯ ತಪ್ಪಿದರೆ ಅದೂ ವ್ಯರ್ಥ, ದುರ್ಬಲ ಮೂತ್ರಪಿಂಡಕ್ಕೆ ಹೊರೆ ಬೇರೆ. ಮುಂದೆ ಇಂಥ ಪರೀಕ್ಷೆ ಇದ್ದರೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿಯನ್ನು ಒಯ್ಯಿರಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುತ್ತಿದ್ದರೆ ಮೊದಲೇ ತಿಳಿಸಿ.