ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ (ಓಎಸ್) ಲಿನಕ್ಸ್ ಪುಕ್ಕಟೆ ಸಿಗತ್ತಲ್ಲ, ಆದ್ರೂ ಅಭಿವೃದ್ಧಿಶೀಲ ದೇಶಗಳಲ್ಲಿ ಜನ ಯಾಕೆ ಬಳ್ಸಲ್ಲ? ಬಳಕೆ ಹೆಚ್ಚಾಗೋಕೆ ಏನ್ ಮಾಡ್ಬೇಕು?

ಪುಕ್ಕಟೆ ಅನ್ನೋದನ್ನೇ ಮುಂದಿಟ್ಕೊಂಡು ಹೋದ್ರೆ ಕೆಲಸ ಆಗಲ್ಲ, ಇದು ನಾನು ಏಳೆಂಟು ವರ್ಷದಿಂದ ಶಾಲೆಗಳಿಗೆ, ಪರಿಚಯದವ್ರಿಗೆ ಲಿನಕ್ಸ್ ಹಾಕ್ಕೊಡ್ತಾ ಕಂಡ್ಕೊಂಡಿದ್ದು. ಯಾಕಂದ್ರೆ ಈ ದೇಶಗಳಲ್ಲಿ ತುಂಬಾ ಜನಕ್ಕೆ ವಿಂಡೋಸೂ ಪುಕ್ಕಟೆನೇ, ರಿಪೇರಿ ಹುಡುಗ ಪೈರೇಟೆಡ್ ಕಾಪಿ ಹಾಕ್ಕೊಟ್ಟು ಹೋಗಿರ್ತಾನೆ, ಕೆಟ್ರೆ ಅವ್ನೇ ಬಂದು ಮತ್ತೆ ಫಾರ್ಮ್ಯಾಟ್ ಹೊಡೀತಾನೆ. ಲಿನಕ್ಸ್ ಕೆಟ್ರೆ ಯಾರ್ ಬರ್ತಾರೆ? ಈ ಒಂದು ಪ್ರಶ್ನೆಗೆ ಉತ್ತರ ಇಲ್ದೆ ಎಷ್ಟು ಪ್ರಚಾರ ಮಾಡಿದ್ರೂ ನಿಲ್ಲಲ್ಲ.

ಒಂದು ಶಾಲೇಲಿ 2 ಜಿಬಿ ರ‍್ಯಾಮಿನ ಹಳೇ ಮಷೀನುಗಳಿಗೆ ಲುಬುಂಟು ಅನ್ನೋ ಹಗುರವಾದ ಲಿನಕ್ಸ್ ಹಾಕಿದ್ವಿ. ಮಕ್ಕಳು ಎರಡೇ ದಿನಕ್ಕೆ ಚಿತ್ರ ಬಿಡಿಸೋ ಟಕ್ಸ್ ಪೇಂಟ್, ಆಟ ಆಡ್ತಾ ಕಲಿಯೋ ಜಿಕಾಂಪ್ರಿ ಎಲ್ಲಾ ಹಚ್ಕೊಂಡು ಕೂತ್ರು, ಅವ್ರಿಗೆ ಏನೂ ತೊಂದ್ರೆನೇ ಇರ್ಲಿಲ್ಲ. ಆಮೇಲೆ ಟೀಚರ್ ಒಬ್ರು ಹಿಂದಿನ ವರ್ಷದ ಪ್ರಶ್ನೆಪತ್ರಿಕೆ ತೆಗೆದ್ರೆ ಪುಟದ ತುಂಬಾ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್ (ಎಲ್ಲಾ ಭಾಷೆ ಅಕ್ಷರಕ್ಕೂ ಬೇರೆಬೇರೆ ಕೋಡ್ ಕೊಡೋ ಪದ್ಧತಿ) ಅಲ್ಲದ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದು ಅದು, ಒಳಗಿರೋದು ಇಂಗ್ಲಿಷ್ ಕೋಡೇ, ಆ ಫಾಂಟ್ ಇದ್ರೆ ಮಾತ್ರ ನಮ್ ಲಿಪಿ ಥರ ಕಾಣತ್ತೆ. ಕನ್ವರ್ಟರಲ್ಲಿ ಹತ್ತು ನಿಮಿಷದ ಕೆಲಸ, ಆದ್ರೆ ಅವತ್ತು ಅದನ್ನ ಹೇಳೋರು ಅಲ್ಲಿ ಯಾರೂ ಇರ್ಲಿಲ್ಲ. ಮೂರು ವಾರ ಬಿಟ್ಟು ನಾನು ಹೋದಾಗ ಎಲ್ಲಾ ಮಷೀನಲ್ಲೂ ವಿಂಡೋಸ್ ವಾಪಸ್ ಬಂದಿತ್ತು. ತುಂಬಾ ಬೇಜಾರಾಯ್ತು, ಆದ್ರೆ ತಪ್ಪು ಆ ಟೀಚರ್‌ದಲ್ಲ, ಅವ್ರಿಗೆ ಮಾರನೇ ದಿನ ಪರೀಕ್ಷೆ ಇತ್ತು.

ಉಬುಂಟು ಅನ್ನೋ ಲಿನಕ್ಸ್ ತಯಾರಿಸೋರು 2011ರವರೆಗೂ ಪ್ರಪಂಚದ ಯಾವ್ ಮೂಲೆಗಾದ್ರೂ ಪೋಸ್ಟ್ ಖರ್ಚೂ ಇಲ್ದೆ ಸಿಡಿ ಕಳಿಸ್ತಿದ್ರು, ದೊಡ್ಡ ಕೆಲಸ ಅದು. ಪೆರು ದೇಶ ಲಕ್ಷಗಟ್ಲೆ ಲಿನಕ್ಸ್ ಲ್ಯಾಪ್‌ಟಾಪ್ ತರಿಸಿ ಮಕ್ಕಳಿಗೆ ಹಂಚ್ತು, ಆದ್ರೆ ಟೀಚರ್‌ಗಳ ತರಬೇತಿ ಸಾಲ್ದೆ ಅಂದ್ಕೊಂಡಷ್ಟು ಫಲ ಸಿಗ್ಲಿಲ್ಲ. ಕೇರಳ ಬೇರೆ ಥರ ಮಾಡ್ತು. 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್, ಈಗ ಕೈಟ್ ಅಂತಾರೆ, ಶಾಲಾ ಮೇಷ್ಟ್ರುಗಳನ್ನೇ ಮಾಸ್ಟರ್ ಟ್ರೇನರ್ ಮಾಡ್ತು, ಮಲಯಾಳಂ ಸಮೇತ ತಮ್ದೇ ಡಿಸ್ಟ್ರೋ, ಅಂದ್ರೆ ಲಿನಕ್ಸಿನ ತಮ್ದೇ ಆವೃತ್ತಿ ಕಟ್ಕೊಂಡ್ರು, ಪಠ್ಯಪುಸ್ತಕಾನೂ ಅದೇ ಸಾಫ್ಟ್‌ವೇರ್‌ಗೆ ಹೊಂದೋ ಹಾಗೆ ಬರೆದ್ರು. ಅಲ್ಲಿ ಏನಾದ್ರೂ ಕೆಟ್ರೆ ಕೇಳೋಕೆ ಪಕ್ಕದ ಶಾಲೇಲೇ ಒಬ್ರು ಇರ್ತಾರೆ.

ಇನ್ನು ಇಂಟರ್ನೆಟ್ಟು. ಡೇಟಾ ದುಬಾರಿ ಇರೋ ಕಡೆ ಅಪ್ಡೇಟ್ ಅಂದ್ರೇನೇ ಜನ ಹೆದರ್ತಾರೆ. ಲ್ಯಾಬಲ್ಲಿ ಒಂದೇ ಮಷೀನಿಗೆ ಆಪ್ಟ್-ಕ್ಯಾಷರ್-ಎನ್‌ಜಿ ಅನ್ನೋ ಸಾಫ್ಟ್‌ವೇರ್ ಹಾಕಿ, ಪ್ಯಾಕೇಜ್ (ಅಪ್ಡೇಟ್ ಫೈಲ್) ಒಂದ್ಸಲ ಇಳಿದ್ರೆ ಸಾಕು, ಉಳಿದ ಮಷೀನ್ ಎಲ್ಲಾ ಅಲ್ಲಿಂದ್ಲೇ ತಗೋತವೆ. ನೆಟ್ಟೇ ಇಲ್ಲ ಅಂದ್ರೆ ಆಪ್ಟ್-ಆಫ್‌ಲೈನ್ ಇದೆ, ಏನೇನ್ ಬೇಕು ಅನ್ನೋ ಪಟ್ಟಿ ಪೆನ್‌ಡ್ರೈವಲ್ಲಿ ಒಯ್ದು ನೆಟ್ ಇರೋ ಕಡೆ ಇಳಿಸ್ಕೊಂಡು ಬರೋದು.

ಈಗ ಒಳ್ಳೇ ಸಮಯನೂ ಹೌದು, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗೀತು, ಚೆನ್ನಾಗೇ ಓಡ್ತಿರೋ ಎಷ್ಟೋ ಮಷೀನು ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲ ಅಂತ 11ಕ್ಕೆ ಅಧಿಕೃತವಾಗಿ ಹೋಗಂಗಿಲ್ಲ. ಹಂಗಂತ ಸೀದಾ ಓಎಸ್ ಬದಲಾಯ್ಸೋಕೆ ಹೋಗ್ಬೇಡಿ, ವಿಂಡೋಸಲ್ಲೇ, ಲಿನಕ್ಸಲ್ಲೂ ಸಿಗೋ ಲಿಬ್ರೆಆಫೀಸ್ (ಎಂಎಸ್ ಆಫೀಸ್ ಥರದ್ದು), ಫೈರ್‌ಫಾಕ್ಸ್ ಆರು ತಿಂಗಳು ಬಳಸ್ಲಿ, ಹಳೇ ಫೈಲ್ ಎಲ್ಲಾ ಯೂನಿಕೋಡಿಗೆ ಬರ್ಲಿ, ಪ್ರಿಂಟರ್ ಹಿಡಿಯತ್ತಾ ಅಂತ ಲೈವ್ ಯುಎಸ್‌ಬಿಲಿ, ಅಂದ್ರೆ ಇನ್‌ಸ್ಟಾಲ್ ಮಾಡ್ದೆ ಪೆನ್‌ಡ್ರೈವಿಂದ್ಲೇ ಲಿನಕ್ಸ್ ಓಡಿಸಿ ನೋಡ್ಕೊಳ್ಳಿ.

ಮೊದ್ಲು ಕಲಿಸ್ಬೇಕಿರೋದು ಮಾತ್ರ ರಿಪೇರಿ ಹುಡುಗ್ರಿಗೆ. ನಾನು ಇಬ್ರಿಗೆ ಮಿಂಟ್ ಅನ್ನೋ ಲಿನಕ್ಸ್ ಹಾಕಿರೋ ಪೆನ್‌ಡ್ರೈವ್ ಕೊಟ್ಟು ನಾಲ್ಕು ಭಾನುವಾರ ಜೊತೆಗೆ ಕೂತೆ. ಒಬ್ಬ ಮೊದಮೊದಲು ರಾತ್ರಿ ಹತ್ತಕ್ಕೆ ಫೋನ್ ಮಾಡೋನು, ಬ್ರಾಡ್‌ಕಾಮ್ ಕಂಪನಿ ಚಿಪ್ಪಿನ ವೈಫೈ ಕಾಣ್ತಿಲ್ಲ ಅಂತ. ಮೊಬೈಲ್ ಯುಎಸ್‌ಬಿಲಿ ಚುಚ್ಚಿ ಟೆದರಿಂಗ್ (ಮೊಬೈಲ್ ನೆಟ್ ಕಂಪ್ಯೂಟರಿಗೆ ಕೊಡೋದು) ಆನ್ ಮಾಡು, ಡ್ರೈವರ್ ಮ್ಯಾನೇಜರಲ್ಲಿ ಡ್ರೈವರ್ ಹಾಕು, ರೀಸ್ಟಾರ್ಟ್ ಮಾಡು ಅಂತ ಹೇಳ್ತಿದ್ದೆ. ಈಗ ಅವ್ನು ಫೋನ್ ಮಾಡೋದು ಕಮ್ಮಿ, ಇನ್ನೊಬ್ಬ ಅವ್ನಿಗೇ ಫೋನ್ ಮಾಡ್ತಾನಂತೆ.